ಕಪ್ತಾನ ಮುಚ್ಚಿದ ಬಾಗಿಲು

ಮೊನ್ನೆ ಭಾನುವಾರ ಬೆಳಿಗ್ಗೆ ಹಿರೇಕೆರೂರಿನ ನಮ್ಮ ಹಾಸ್ಟೆಲಿನ ಅಡುಗೆಮನೆಯಲ್ಲಿ ಉಪ್ಪಿಟ್ಟಿನ ಪಾತ್ರೆಗೆ ಮುಚ್ಚಳ ಹುಡುಕುತ್ತಿದ್ದೆ. ಮೊಬೈಲಿಗೆ ಒಂದು ಫೋಟೋ ಬಂತು. ಮರದ ಪೆಟ್ಟಿಗೆಯ, ಎರಡೂ ಕಡೆಯಿಂದ ಎಳೆದು ಮುಚ್ಚುವ ಶಟರಿನ ಹಳೆಯ ಟಿವಿ. ಅದರ ಮೇಲೆ ಕ್ರೋಶಾ ಹೆಣಿಗೆಯ ಬಿಳಿ ವಸ್ತ್ರ, ವಸ್ತ್ರದ ಮೇಲೆ ಪ್ಲಾಸ್ಟಿಕ್ ಗುಲಾಬಿ. ಕೆಳಗೆ ಒಕ್ಕಣೆ: ‘ನಮ್ಮ ಮನೆಯ ಪಡಸಾಲೆ. ಇಡೀ ಊರು ಭೇದಭಾವವಿಲ್ಲದೆ ಕೂಡಿ ಕೂತು ಧ್ರುವಗಾಮಿ ನೋಡಿದ ಬಂಗಾರದಂಥ ದಿನಗಳು.’ ಅದಕ್ಕೆ ಕೈಮುಗಿದವರೆಷ್ಟು, ಹೃದಯ ಒತ್ತಿದವರೆಷ್ಟು. ಆ ಟಿವಿ ನನಗೆ ಗೊತ್ತು, ಆ ಗುಲಾಬಿಯೂ ಗೊತ್ತು. ಆದರೆ ಇಷ್ಟು ನೇರವಾಗಿ ಅವುಗಳ ಮುಖ ನೋಡಿದ್ದು ಇದೇ ಮೊದಲು. ನಾವು ನೋಡುತ್ತಿದ್ದದ್ದು ಬೀದಿಯ ಕಡೆಯ ಕಿಟಕಿಯಿಂದ, ಓರೆಯಾಗಿ, ಸರಳುಗಳ ನಡುವೆ. ಹುಡುಗಿಯರು ತಟ್ಟೆ ಹಿಡಿದು ನಿಂತಿದ್ದರು, ಉಪ್ಪಿಟ್ಟು ಆರುತ್ತಿತ್ತು, ನನ್ನ ಪಿತ್ತ ಮಾತ್ರ ನೆತ್ತಿಗೇರಿತ್ತು.

ಧ್ರುವಗಾಮಿ ಎಂದರೆ ಏನೆಂದು ಗೊತ್ತಿಲ್ಲದ ಪುಣ್ಯವಂತರೂ ಇದ್ದೀರಿ. ಅದೊಂದು ಪರದೇಶದ ಕತೆ. ಭೂಮಿ ಹಾಳಾದ ಮೇಲೆ ಉಳಿದ ಜನರನ್ನು ಹೊತ್ತು ಎಲ್ಲೋ ದೂರದ ನಕ್ಷತ್ರಕ್ಕೆ ಹೊರಟ ಹಡಗಿನ ಹೆಸರು ಧ್ರುವಗಾಮಿ. ಮೊದಲು ಧಾರಾವಾಹಿಯಾಗಿ ಬಂತು, ಆಮೇಲೆ ಸಿನಿಮಾ ಆಯಿತು, ಮಕ್ಕಳ ಕಾರ್ಟೂನ್ ಆಯಿತು, ಮತ್ತೆ ಸಿನಿಮಾ ಆಯಿತು. ಶುರು ಮಾಡಿದವರು ತೀರಿಹೋದರೂ ಅಂಗಡಿ ಮುಚ್ಚಿಲ್ಲ. ಹಡಗು ಇನ್ನೂ ಆ ನಕ್ಷತ್ರ ಮುಟ್ಟಿಲ್ಲ. ಮುಟ್ಟಿಬಿಟ್ಟರೆ ಮುಂದೆ ಟಿಕೆಟ್ ಕೊಳ್ಳುವವರು ಯಾರು?

ಇಂಥದ್ದಕ್ಕೆ ನಮ್ಮ ಕಡೆಯೂ ಅಭಿಮಾನಿಗಳಿದ್ದಾರೆ ಎಂದರೆ ನೀವು ನಗುತ್ತೀರಿ. ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಸೇರಿ ಒಂದು ವಾಟ್ಸ್‌ಆ್ಯಪ್ ಬಳಗವೇ ಇದೆ. ಸವಣೂರಿನ ಎಲೆ ವ್ಯಾಪಾರಿಯೊಬ್ಬರು ಹಡಗಿನಲ್ಲಿರುವ ಮಾತಾಡುವ ಯಂತ್ರದ ನಾಯಿಯನ್ನು ಮೊದಲ ಭಾಗದಲ್ಲೇ ಗುಜರಿಗೆ ಹಾಕಬೇಕಿತ್ತು ಎಂದು ವಾದಿಸುತ್ತಾರೆ. ಗಾಳಿಯೇ ಇಲ್ಲದ ಕಡೆ ಸ್ಫೋಟದ ಸದ್ದು ಹೇಗೆ ಬಂತೆಂದು ಶಿಗ್ಗಾವಿಯ ವಕೀಲರೊಬ್ಬರು ಗಜಗಟ್ಟಲೆ ಬರೆಯುತ್ತಾರೆ. ಓದಿದವರು ಯಾರೂ ಇಲ್ಲ, ಉತ್ತರ ಕೊಡುವವರು ಎಲ್ಲರೂ. ನಾನೂ ಕಡಿಮೆಯೇನಲ್ಲ. ಹಸಿರು ಗ್ರಹದ ರಾಣಿಯ ಪ್ರೇಮಪ್ರಕರಣ ಬೇಕಿರಲಿಲ್ಲ ಎಂದು ಒಂದು ದಿನ ಜಗಳಕ್ಕೆ ನಿಂತು, ಗ್ಯಾಸ್ ಮೇಲಿಟ್ಟ ಬೇಳೆ ಸೀದು ಹಾಸ್ಟೆಲೆಲ್ಲ ಹೊಗೆಯಾಗಿತ್ತು. ಬಳಗದಲ್ಲಿ ನನ್ನ ಹೆಸರು ‘ವಾರ್ಡನ್ ಮೇಡಂ’. ಅಷ್ಟೇ. ಯಾವ ಊರು, ಯಾವ ಕೇರಿ ಎಂದು ಯಾರೂ ಕೇಳಿಲ್ಲ, ನಾನೂ ಹೇಳಿಲ್ಲ.

ಬಳಗದ ಅಡ್ಮಿನ್ ಮಲ್ಲೇಶಿ. ಹಾನಗಲ್ಲಿನಲ್ಲಿ ಬೀಜ–ಗೊಬ್ಬರದ ಅಂಗಡಿ. ಫೋಟೋ ಹಾಕಿದ್ದು ಅವನೇ. ನಮ್ಮೂರಿನ ಸಾವ್ಕಾರರ ಮಗ. ನಮ್ಮೂರು ಹಾನಗಲ್ಲಿಗೂ ಆಡೂರಿಗೂ ನಡುವೆ ಎಲ್ಲೋ ಇದೆ ಎಂದಿಟ್ಟುಕೊಳ್ಳಿ, ಹೆಸರು ಬೇಡ.

ಊರಿಗೆ ಒಂದೇ ಟಿವಿ ಇದ್ದ ಕಾಲ ಅದು. ಭಾನುವಾರ ಬೆಳಿಗ್ಗೆ ಧ್ರುವಗಾಮಿ ಹಿಂದಿಯಲ್ಲಿ ಬರುತ್ತಿತ್ತು. ಸಾವ್ಕಾರರ ಪಡಸಾಲೆಯಲ್ಲಿ ಜಮಖಾನೆ ಹಾಸುತ್ತಿದ್ದರು. ಅದರ ಮೇಲೆ ಊರ ಮಂದಿ. ನಮ್ಮ ಕೇರಿಯವರು ಹೊರಗೆ ಕಿಟಕಿಯಲ್ಲಿ. ಒಳಗೆ ಬರಬೇಡಿ ಎಂದು ಯಾರೂ ಹೇಳಿರಲಿಲ್ಲ. ಹೇಳುವ ಕಷ್ಟವನ್ನೂ ಅವರಿಗೆ ಕೊಡದ ಹಾಗೆ ನಮ್ಮನ್ನು ಬೆಳೆಸಿದ್ದರು. ಸಾವ್ಕಾರರಿಗೆ ಹುಬ್ಬಳ್ಳಿಯ ವ್ಯಾಪಾರದಿಂದ ಹಿಂದಿ ಬರುತ್ತಿತ್ತು, ಅವರು ತಗ್ಗಿದ ದನಿಯಲ್ಲಿ ಪಾತ್ರಗಳ ಮಾತನ್ನೆಲ್ಲ ಕನ್ನಡಕ್ಕೆ ತಿರುಗಿಸಿ ಹೇಳುತ್ತಿದ್ದರು. ಅದು ಕಿಟಕಿಯವರೆಗೆ ಬರುತ್ತಿರಲಿಲ್ಲ. ಹೀಗಾಗಿ ಒಳಗಿನವರು ಧ್ರುವಗಾಮಿಯನ್ನು ಕೇಳಿದರು, ನಾವು ನೋಡಿದೆವು.

ಚಿತ್ರ ಕೆಟ್ಟು ಪರದೆಯ ಮೇಲೆ ಚುಕ್ಕಿಗಳು ಕುಣಿಯತೊಡಗಿದರೆ ಮಾತ್ರ ನಮ್ಮ ನೆನಪಾಗುತ್ತಿತ್ತು. ಹಿತ್ತಲಿನ ಏಣಿಯಿಂದ ಮಾಳಿಗೆ ಹತ್ತಿ ಆಂಟೆನಾ ತಿರುಗಿಸಬೇಕು. ಅದರಲ್ಲಿ ನನ್ನ ಅಕ್ಕ ಶಾಂತವ್ವ ನಿಸ್ಸೀಮಳು. ಅವಳು ಮೇಲೆ ಗಾಳಿಗೆ ನಿಂತು ಕಂಬ ಹಿಡಿದುಕೊಂಡಿರುತ್ತಿದ್ದಳು, ಕೆಳಗೆ ಹಡಗು ಸುಸೂತ್ರವಾಗಿ ಹಾರುತ್ತಿತ್ತು. ‘ಇಡೀ ಊರು ಕೂಡಿ ಕೂತು’ ಅಂತೆ.

ಇನ್ನು ಆ ದೃಶ್ಯ. ಅಭಿಮಾನಿಗಳೆಲ್ಲ ಅದನ್ನು ‘ಮಹಾತ್ಯಾಗ’ ಎನ್ನುತ್ತಾರೆ. ಹಡಗಿನಲ್ಲಿ ಉಸಿರಾಡುವ ಗಾಳಿ ಕಡಿಮೆಯಾಗುತ್ತದೆ. ಮೇಲಿನ ಅಂತಸ್ತಿನಲ್ಲಿ ಪಂಡಿತರು, ಅಧಿಕಾರಿಗಳು. ಕೆಳಗಿನ ಅಂತಸ್ತಿನಲ್ಲಿ ಕುಲುಮೆಗೆ ಇಂಧನ ಹಾಕುವವರು, ಕೊಳೆ ತೆಗೆಯುವವರು. ಕಪ್ತಾನ ಏನೋ ಮಾತಾಡುತ್ತಾನೆ, ಕಣ್ಣು ತುಂಬಿಕೊಳ್ಳುತ್ತಾನೆ, ಇದ್ದ ಗಾಳಿ ಮೇಲಿನವರಿಗೆ ಉಳಿಯಲೆಂದು ನಡುವಿನ ಕಬ್ಬಿಣದ ಬಾಗಿಲನ್ನು ತನ್ನ ಕೈಯಾರೆ ಮುಚ್ಚುತ್ತಾನೆ. ಆಚೆಗಿದ್ದ ಒಬ್ಬ ಹೆಣ್ಣುಮಗಳು ಬಾಗಿಲ ಗಾಜಿಗೆ ಅಂಗೈ ಒತ್ತುತ್ತಾಳೆ. ಇವನು ಸೆಲ್ಯೂಟ್ ಹೊಡೆಯುತ್ತಾನೆ. ಒಳಗೆ ಪಡಸಾಲೆಯಲ್ಲಿ ಸಾವ್ಕಾರರ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಗಂಡಸರೂ ಮೂಗು ಸೀಟಿದರು.

ಅಕ್ಕ ಆಗ ಏಳನೆಯ ತರಗತಿ. ಸರಳು ಹಿಡಿದು ನಿಂತವಳು ಎಲ್ಲರಿಗೂ ಕೇಳುವ ಹಾಗೆ ಅಂದಳು: “ಅಂವ ಕೊಂದ. ಕದಾ ಹಾಕಿ ಅಷ್ಟೂ ಮಂದೀನ ಕೊಂದ. ಇವ್ರ್ಯಾಕ ಅಳಾಕತ್ತಾರ?”

ಪಡಸಾಲೆಯ ತಲೆಗಳೆಲ್ಲ ಕಿಟಕಿಯ ಕಡೆ ತಿರುಗಿದವು.

“ಯಾವಾಕಿ ಅದು?” ಎಂದರು ಸಾವ್ಕಾರರು.

ಮಲ್ಲೇಶಿ ಅಕ್ಕನ ವಾರಿಗೆಯವನೇ. ಅಪ್ಪನ ಪಕ್ಕದಲ್ಲಿ ಕೂತಿದ್ದವನು, “ಹೊರಗ ನಿಂತು ನಿಮಗೇನ ತಿಳಿತೈತಿ? ಕಪ್ತಾನ ಏನ ಹೇಳಿದಾ ಅನ್ನೂದು ನಿಮಗ ಕೇಳಂಗೇ ಇಲ್ಲ” ಎಂದ.

ಮುಂದಿನ ಭಾನುವಾರ ಹೋದರೆ ಕಿಟಕಿ ಮುಚ್ಚಿತ್ತು. ಟಿವಿಗೆ ಧೂಳು ಬರುತ್ತದಂತೆ. ಅಕ್ಕ ಒಂದು ಗಳಿಗೆ ನಿಂತಳು, ತಿರುಗಿ ನಡೆದಳು. ನಾನು ಮಾನಗೆಟ್ಟವಳು, ಕಿಟಕಿಯ ಹಲಗೆಗೆ ಕಿವಿ ಹಚ್ಚಿ ಗೊತ್ತಿಲ್ಲದ ಹಿಂದಿಯಲ್ಲಿ ಹಡಗು ಎಲ್ಲಿಗೆ ಹೋಯಿತೆಂದು ತಿಳಿಯಲು ಹೆಣಗಿದೆ. ಮನೆಯಲ್ಲಿ ಅವ್ವ ಅಕ್ಕನನ್ನು ಬೈಯುತ್ತಿದ್ದಳು. “ಸುಮ್ನ ನೋಡಿ ಬರೂದು ಬಿಟ್ಟು ನಿನಗ್ಯಾಕ ಬೇಕಾಗಿತ್ತ ಅದು?”

“ನೋಡಿದ್ದನ್ನ ಹೇಳೇನವ್ವ,” ಎಂದಳು ಅಕ್ಕ. ಕೇರಿಯ ಉಳಿದ ಹುಡುಗರಿಗೂ ಅವಳ ಮೇಲೆ ಸಿಟ್ಟು. ಅವಳಿಂದಾಗಿ ಎಲ್ಲರ ಭಾನುವಾರವೂ ಹೋಯಿತಲ್ಲ. ಅವಳು ಮತ್ತೆ ಧ್ರುವಗಾಮಿಯ ಹೆಸರೆತ್ತಲಿಲ್ಲ.

ನಾನು ಮಾತ್ರ ಬಿಡಲಿಲ್ಲ. ಸವಣೂರಿನಲ್ಲಿ ಓದುವಾಗ ಬಾಡಿಗೆ ಕ್ಯಾಸೆಟ್ಟಿನಲ್ಲಿ, ಆಮೇಲೆ ಹುಬ್ಬಳ್ಳಿಯ ಥಿಯೇಟರಿನಲ್ಲಿ ಸಿನಿಮಾಗಳನ್ನೆಲ್ಲ ನೋಡಿದೆ. ಹಳೆಯ ಧಾರಾವಾಹಿ ಮಾತ್ರ ಎಲ್ಲೂ ಸಿಗುತ್ತಿರಲಿಲ್ಲ. ಈಚೆಗೆ ಅದು ಕನ್ನಡದ ಮಾತು ಕೂಡಿಸಿಕೊಂಡು ಮೊಬೈಲಿಗೇ ಬಂದಿದೆ. ಎಲ್ಲ ಕಂತುಗಳನ್ನೂ ನೋಡಿದೆ, ಅದೊಂದನ್ನು ಬಿಟ್ಟು. ಯಾಕೆಂದು ಕೇಳಿದರೆ ಹೇಳುತ್ತೇನೆ: ಭಯ. ಕಪ್ತಾನನ ಮಾತು ಕೇಳಿದ ಮೇಲೆ ಮಲ್ಲೇಶಿ ಹೇಳಿದ್ದೇ ಸರಿ ಎನ್ನಿಸಿಬಿಟ್ಟರೆ? ಅಕ್ಕ ಅಂದು ತಪ್ಪು ಕಂಡಿದ್ದಳು ಎಂದಾಗಿಬಿಟ್ಟರೆ?

ಫೋಟೋದ ಕೆಳಗೆ ಮಾತು ಬೆಳೆದು ‘ಮಹಾತ್ಯಾಗ’ಕ್ಕೆ ಬಂದು ನಿಂತಿತು. ಅದನ್ನು ಮೀರಿಸುವ ದೃಶ್ಯ ಇನ್ನು ಹುಟ್ಟುವುದಿಲ್ಲ ಎಂದು ಮಲ್ಲೇಶಿ ಬರೆದ. ನನಗೆ ತಡೆಯಲಾಗಲಿಲ್ಲ. ‘ತ್ಯಾಗ ಮಾಡಿದವರು ಯಾರು? ಕಪ್ತಾನ ಮರುದಿನ ಚಹಾ ಕುಡಿದ. ಸತ್ತವರು ಕೆಳಗಿನವರು. ಇನ್ನೊಬ್ಬರ ಜೀವ ಕೊಟ್ಟು ಹೆಸರು ತೆಗೆದುಕೊಳ್ಳುವುದು ತ್ಯಾಗವಲ್ಲ’ ಎಂದು ಹಾಕಿದೆ.

ಬಿತ್ತು ನೋಡಿ ಕಿಡಿ. ವಕೀಲರು, “ಸಂದರ್ಭ ತಿಳಕೊಂಡು ಮಾತಾಡ್ರಿ ಮೇಡಂ” ಎಂದರು. “ಆ ಡೈಲಾಗ್ ಕೇಳಿದ್ರ ಹಿಂಗ ಅನ್ನಂಗಿಲ್ಲ ನೀವು” ಎಂದರು ಎಲೆ ವ್ಯಾಪಾರಿ. ಇನ್ನೊಬ್ಬ ಮಹಾಶಯ ಬರೆದ: “ಎಲ್ಲಾದ್ರಾಗೂ ಜಾತಿ ತರಬ್ಯಾಡ್ರಿ.” ನಾನು ಬರೆದದ್ದನ್ನು ಮತ್ತೆ ಮೇಲೆ ಹೋಗಿ ಓದಿದೆ. ಜಾತಿ ಎಂಬ ಪದ ಅದರಲ್ಲಿ ಇರಲಿಲ್ಲ. ಪರದೇಶದ ಹಡಗು, ಊರೇ ಇಲ್ಲದ ಆಕಾಶ. ಅಲ್ಲಿ ಜಾತಿ ಅವನಿಗೆ ಹೇಗೆ ಕಾಣಿಸಿತು? ಕಾಣಿಸಿದ್ದೇ ಆದರೆ ಇಷ್ಟು ದಿನ ಏನು ನೋಡಿ ಕಣ್ಣೀರು ಹಾಕುತ್ತಿದ್ದ? ಅಬಲೂರಿನ ಕಡೆಯವನೊಬ್ಬ ನನಗೆ ಮಾತ್ರ ಕಾಣುವ ಹಾಗೆ ಪ್ರತ್ಯೇಕವಾಗಿ ಕಳಿಸಿದ: “ಖರೇ ಹೇಳಿದ್ರಿ ಮೇಡಂ. ಆದ್ರ ಗ್ರೂಪಿನ್ಯಾಗ ಹೇಳಾಕ ನಮಗ ಆಗಂಗಿಲ್ಲ.” ಬೈದವರ ಮೇಲೆ ಬಂದದ್ದಕ್ಕಿಂತ ಹೆಚ್ಚು ಸಿಟ್ಟು ಆ ಗುಟ್ಟಿನ ಸ್ನೇಹಿತನ ಮೇಲೆ ಬಂತು.

ಸ್ವಲ್ಪ ಹೊತ್ತಿಗೆ ಮಲ್ಲೇಶಿಯೇ ಫೋನ್ ಮಾಡಿದ. ದನಿಯಲ್ಲಿ ಬೆಣ್ಣೆ. “ಮೇಡಂ, ಛಲೋ ನೆನಪು ಹಂಚಿಕೊಳ್ಳಾಕತ್ತಿದ್ವಿ. ಅದರಾಗ್ಯಾಕ ಕಹಿ?”

“ನಿಮ್ಮ ಪಡಸಾಲಿ ಕಿಟಕಿ ನೆನಪೈತೇನ್ರಿ?” ಎಂದೆ.

“ಯಾವ ಕಿಟಕಿ?”

“ಬೀದಿ ಕಡೆಗಿಂದು. ಅದರ ಹೊರಗ ನಿಂತು ನೋಡತಿದ್ರಲ್ಲ, ಅವರು.”

ಅವನು ಯೋಚಿಸಿದ. ನಿಜವಾಗಿಯೂ ಯೋಚಿಸಿದ. “ಇಲ್ರಿ ಮೇಡಂ, ನಮ್ಮನ್ಯಾಗ ಎಲ್ಲಾರೂ ಒಳಗ ಕುಂತ ನೋಡತಿದ್ರು” ಎಂದ. ಅವನು ಸುಳ್ಳು ಹೇಳಲಿಲ್ಲ ಎಂಬುದೇ ನನ್ನ ಮೈಗೆ ಬೆಂಕಿ ಹಚ್ಚಿತು. ಸುಳ್ಳು ಹೇಳಲಿಕ್ಕಾದರೂ ನಾವು ನೆನಪಿರಬೇಕು. ಅವನ ಲೆಕ್ಕದಲ್ಲಿ ‘ಎಲ್ಲಾರೂ’ ಎಂದರೆ ಜಮಖಾನೆ ಎಲ್ಲಿಯವರೆಗೆ ಹಾಸಿತ್ತೋ ಅಲ್ಲಿಯವರೆಗೆ. ನಾನು ಫೋನ್ ಇಟ್ಟೆ, ಹಾಸ್ಟೆಲಿನ ಕೀಲಿ ಅಡುಗೆಯಾಕೆಗೆ ಕೊಟ್ಟು ಹಾನಗಲ್ಲಿನ ಬಸ್ಸು ಹತ್ತಿದೆ.

ಅಕ್ಕನನ್ನು ಕೊಟ್ಟಿದ್ದು ಆಡೂರಿಗೆ; ಹಾನಗಲ್ಲಿನಲ್ಲಿ ಬಸ್ಸು ಬದಲಿಸಿ ಅಲ್ಲಿಗೆ ಹೋದೆ. ಅವಳು ಅಂಗಳದಲ್ಲಿ ಕೂತು ಮರುದಿನದ ಸಂತೆಗೆ ಬೆಂಡೆಕಾಯಿ ಆರಿಸುತ್ತಿದ್ದಳು. ನನ್ನ ಮುಖ ನೋಡಿ, “ಯಾರ ಜೋಡಿ ಜಗಳಾಡಿ ಬಂದಿ?” ಎಂದಳು. ನಡೆದದ್ದನ್ನೆಲ್ಲ ಹೇಳಿದೆ. ಅವಳ ಕೈ ಬೆಂಡೆಕಾಯಿಯ ಮೇಲೆ ಓಡುತ್ತಲೇ ಇತ್ತು.

“ಆ ಕಂತು ನನ್ನ ಕಡೆ ಐತಿ, ಮಾತೂ ಕನ್ನಡದಾಗ ಐತಿ. ನೋಡತಿಯೇನು?”

“ಹಚ್ಚು,” ಎಂದಳು.

ಮೊಬೈಲನ್ನು ಬುಟ್ಟಿಗೆ ಒರಗಿಸಿ ಇಟ್ಟೆ. ಗಾಳಿ ಕಡಿಮೆಯಾಯಿತು, ಗಂಟೆ ಬಾರಿಸಿತು, ಕಪ್ತಾನ ಬಾಗಿಲ ಬಳಿ ಬಂದ. ನಮ್ಮಿಬ್ಬರಿಗೂ ಅವನ ದನಿ ಮೊದಲ ಸಲ ಅರ್ಥವಾಗುವ ಹಾಗೆ ಕೇಳಿಸಿತು. ‘ಕೆಳಗಿನವರು ನಮ್ಮೆಲ್ಲರಿಗಿಂತ ದೊಡ್ಡ ಮನಸ್ಸಿನವರು,’ ಎಂದ. ‘ಅವರು ಯಾವತ್ತೂ ದೂರಿದವರಲ್ಲ. ಇವತ್ತೂ ಅವರು ಅರ್ಥ ಮಾಡಿಕೊಳ್ಳುತ್ತಾರೆ.’ ಹಿಂದೆ ಪಿಟೀಲು ಏರುತ್ತಿತ್ತು. ದನಿ ಎಷ್ಟು ಗಂಭೀರ, ಎಷ್ಟು ಮೆತ್ತಗೆ. ನಾನೂ ಸೆರಗಿನಿಂದ ಕಣ್ಣೊರೆಸಿಕೊಂಡೆ, ಹಾಳಾದ್ದು. ಪಡಸಾಲೆಯ ಮಂದಿ ಯಾಕೆ ಅತ್ತರೆಂದು ಒಂದು ಕ್ಷಣ ನನಗೂ ತಿಳಿಯಿತು. ಅಕ್ಕನ ಕಡೆ ನೋಡಲು ಧೈರ್ಯವಾಗಲಿಲ್ಲ.

ಬಾಗಿಲು ಮುಚ್ಚಿತು. ಅಕ್ಕ ಕೈಯಲ್ಲಿದ್ದ ಬಲಿತ ಬೆಂಡೆಕಾಯಿಯನ್ನು ಮುರಿದು ಪಕ್ಕಕ್ಕೆ ಎಸೆದಳು.

“ಅವಾಗ ಬರೇ ಕೊಂದ ಅಂದಿದ್ದೆ,” ಎಂದಳು. “ನನಗ ಮಾತ ಕೇಳಿದ್ದಿಲ್ಲ, ಅರ್ಧಾನ ಗೊತ್ತಿತ್ತು. ಈಗ ಪೂರಾ ಗೊತ್ತಾತು. ಕೊಂದಿದ್ದಲ್ದ ಅವರ ಒಪ್ಪಿಗೀನೂ ತಾನ ಕೊಟ್ಟಾನ.”

ಆಮೇಲೆ, “ಮಲ್ಲೇಶಿಗೆ ಮಾತಾಡಿ ಕಳಸಾಕ ಬರ್ತೈತೇನು ಇದರಾಗ?” ಎಂದು ಕೇಳಿದಳು. ನಾನು ಬಳಗವನ್ನು ತೆರೆದು ಧ್ವನಿಯ ಗುಂಡಿ ಒತ್ತಿ ಹಿಡಿದೆ. ಅವಳು ಮೊಬೈಲಿಗೆ ಬಾಯಿ ಹತ್ತಿರ ತರಲಿಲ್ಲ. ಕೂತಲ್ಲಿಂದಲೇ, ಕೆಳಗಿನ ಕೇರಿಯವರೆಗೂ ಕೇಳುವ ಅವಳ ಎಂದಿನ ದನಿಯಲ್ಲಿ ಹೇಳಿದಳು:

“ಮಲ್ಲೇಶಿ, ನಾ ಶಾಂತವ್ವ. ನಿಮ್ಮ ಮಾಳಗಿ ಮ್ಯಾಲ ಆಂಟೆನಾ ಹಿಡಕೊಂಡು ನಿಂದರತಿದ್ನಲ್ಲ, ಅಕಿ. ಈ ವಾರ್ಡನ್ ಮೇಡಂ ನನ್ನ ತಂಗಿ. ಕಪ್ತಾನನ ಮಾತ ಕೇಳಿಲ್ಲ ಅಂದಿದ್ದಿ ಅಲ್ಲ, ಇವತ್ತು ಕುಂತು ಕೇಳೇನಿ. ಅಂವ ಕೊಂದಾನ.”

ಮಲ್ಲೇಶಿ ಏನೋ ಬರೆಯುತ್ತಿದ್ದಾನೆ ಎಂದು ಪರದೆ ತೋರಿಸಿತು. ನಿಂತಿತು. ಮತ್ತೆ ತೋರಿಸಿತು. ಮತ್ತೆ ನಿಂತಿತು. ನಾನು ಕಣ್ಣು ಕೀಲಿಸಿ ಕೂತಿದ್ದೆ. ಇಷ್ಟು ವರ್ಷ ನನ್ನ ಸಿಟ್ಟೆಲ್ಲ ಇಂಥದ್ದೇ ಒಂದು ಉತ್ತರಕ್ಕೆ ಕಾದು ಕೂತಿತ್ತೆಂದು ಆಗ ನನಗೆ ಹೊಳೆಯಿತು. ಅವನು ಹೌದೆನ್ನಬೇಕು, ಆಮೇಲೆ ನಾನು ತಣ್ಣಗಾಗಬೇಕು. ಎಂಥ ದರಿದ್ರ ಸಿಟ್ಟು ಅದು, ಅವನ ಹೊಸ್ತಿಲಲ್ಲೇ ಇನ್ನೂ ನಿಂತದ್ದು. ಅಕ್ಕನಿಗೆ ಆ ಉತ್ತರದ ಗೊಡವೆಯೇ ಇರಲಿಲ್ಲ.

“ಮುಂದೇನಾತು?” ಎಂದಳು.

“ಯಾರದು?”

“ಕೆಳಗಿನವರದು. ನಾ ಅವತ್ತಿಗೇ ಬಿಟ್ನಲ್ಲ. ಎಲ್ಲಾರೂ ಸತ್ರೋ ಹೆಂಗ?”

ಎಲ್ಲರೂ ಸತ್ತಿರಲಿಲ್ಲ, ಎಂದೆ. ಎಷ್ಟೋ ಕಾಲದ ಮೇಲೆ ಬಂದ ಒಂದು ಸಿನಿಮಾದಲ್ಲಿ ಉಳಿದವರ ಮಕ್ಕಳು ಆ ಬಾಗಿಲನ್ನು ಕೆಳಗಿನಿಂದ ಕೊಯ್ದು ಮೇಲೆ ಬರುತ್ತಾರೆ. ಅಭಿಮಾನಿಗಳು ಅದನ್ನು ಸರಣಿಯಲ್ಲೇ ಅತಿ ಕೆಟ್ಟದ್ದೆಂದು ತೀರ್ಮಾನಿಸಿದ್ದಾರೆ. ಕಪ್ತಾನನ ಹೆಸರು ಕೆಡಿಸಿತಂತೆ. ನಾನೂ ಬಳಗದಲ್ಲಿ ಅದರ ಪರವಾಗಿ ಒಂದು ಮಾತೂ ಆಡಿರಲಿಲ್ಲ.

“ಅದನ್ನ ಹಚ್ಚು,” ಎಂದಳು ಅಕ್ಕ.

ಬಳಗವನ್ನು ಮುಚ್ಚಿ ಅದನ್ನು ಹಚ್ಚಿದೆ. ಮಲ್ಲೇಶಿ ಕೊನೆಗೆ ಏನು ಬರೆದನೋ ನಾನು ಇವತ್ತಿಗೂ ನೋಡಿಲ್ಲ. ಅಂಗಳಕ್ಕೆ ಸಂಜೆ ಬಿಸಿಲು ಬಂದು ಪರದೆ ಮಬ್ಬಾಯಿತು, ನಾನು ಸೆರಗು ಹಿಡಿದು ನೆರಳು ಮಾಡಿದೆ. ಅಕ್ಕ ಬೆಂಡೆಕಾಯಿ ಬಿಟ್ಟು ಮೊಣಕಾಲಿಗೆ ಗದ್ದ ಊರಿ ಕೂತಳು. ಕಬ್ಬಿಣ ಕೆಂಪಗೆ ಕಾದು ಬಿರುಕು ಬಿಟ್ಟಿತು. ಮೊದಲು ಒಂದು ಕೈ, ಆಮೇಲೆ ಮಸಿ ಮೆತ್ತಿದ ಒಂದು ಮುಖ, ಆಮೇಲೆ ಒಬ್ಬರ ಹಿಂದೆ ಒಬ್ಬರು ಮೇಲೆ ಬಂದರು. ಅವಳ ಮುಖದಲ್ಲಿ ಸಂತೋಷ ಕಾಣಬಹುದೆಂದು ನೋಡಿದೆ. ಹುಬ್ಬು ಗಂಟಾಗಿಯೇ ಇತ್ತು.

“ಬಾಳ ತಡಾ ಮಾಡಿದ್ರು,” ಎಂದಳು.