ಸುಲಭಾ ಬಿಡಿಸಿದ ಊಟದ ಸರದಿ

ಏನಾದರೂ ಕೆಟ್ಟು ನಿಂತರೆ ಸುಲಭಾ ಮೊದಲು ಮಾಡುತ್ತಿದ್ದ ಕೆಲಸವೆಂದರೆ, ತನ್ನ ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂರುವುದು. “ಮೊದ್ಲ ನೋಡೂಣು ವೈನಿ, ಆಮ್ಯಾಲೆ ಮುಟ್ಟೂಣು. ಕೈಗೆ ಅವಸರ ಭಾಳ,” ಅನ್ನುವಳು. ವೈನಿ, ಅಂದರೆ ಅತ್ತಿಗೆ, ಎಂದು ಅವಳು ಕರೆಯುತ್ತಿದ್ದುದು ನನ್ನನ್ನು. ನಮ್ಮ ಮಿಕ್ಸರ್ ನಿಂತಾಗ ಹಾಗೆಯೇ ನೋಡುತ್ತ ಕೂತು, ಕೊನೆಗೆ ಗದ್ದದಿಂದ ಗೋಡೆಯ ಬಟನ್ ತೋರಿಸಿದ್ದಳು. ಅದನ್ನು ಆರಿಸಿ ಮರೆತವಳು ನಾನೇ.

ಸುಲಭಾ ಖಾನಾಪುರದವಳು. ಸದಾಶಿವನಗರದ ನಮ್ಮ ಮನೆಯ ಮಾಳಿಗೆಯಲ್ಲಿ ನಾಲ್ಕು ವರ್ಷ ಬಾಡಿಗೆಗಿದ್ದಳು. ವಯಸ್ಸು ನಲವತ್ತರ ಹತ್ತಿರ. ವೆಬ್‌ಸೈಟ್ ಮಾಡಿಕೊಡುವುದು ಉದ್ಯೋಗ. ಮನೆಮಾತು ಮರಾಠಿ, ನಮ್ಮೊಡನೆ ಕನ್ನಡ, ಸಿಟ್ಟು ಬಂದರೆ ಎರಡೂ ಕೂಡಿಸಿ. ನನ್ನ ಲಿಂಗಪೂಜೆ ಮುಗಿಯುವವರೆಗೆ ಮೆಟ್ಟಿಲ ಮೇಲೆ ಸಪ್ಪಳ ಮಾಡುತ್ತಿರಲಿಲ್ಲ. ಮುಗಿದ ಗಳಿಗೆಗೆ ಚಹಾಕ್ಕೆ ಹಾಜರು.

ಪರವೂರಿಂದ ಆಸ್ಪತ್ರೆಗೆ ಬಂದವರಿಗೆ ನಮ್ಮ ಓಣಿಯ ಹೆಣ್ಣುಮಕ್ಕಳು ಸೇರಿ ಮಧ್ಯಾಹ್ನದ ಊಟ ಕಳಿಸುತ್ತೇವೆ. ದಾಸೋಹದಲ್ಲಿ ನಮ್ಮದೂ ಒಂದು ಹಿಡಿ. ಮೊದಲು ಫೋನಿನಲ್ಲಿ ಕೇಳಿಕೊಂಡು ಅರ್ಧ ಮರೆಯುತ್ತಿದ್ದೆವು. ಸುಲಭಾ ಅದಕ್ಕೊಂದು ವೆಬ್‌ಸೈಟ್ ಮಾಡಿಕೊಟ್ಟಳು. ಹೆಸರು, ವಾರ್ಡು, ಫೋನ್ ನಂಬರ್ ತುಂಬಿದರೆ ‘ನಿಮ್ಮ ಊಟ ಬರುತ್ತದೆ’ ಎಂದು ಅಲ್ಲೇ ಉತ್ತರ. ಮುಂದಿನದು ತೆರೆಯ ಹಿಂದೆ. ಒಂದೊಂದು ಬೇಡಿಕೆಯೂ ಚೀಟಿಯಾಗಿ ಸರದಿಯಲ್ಲಿ ನಿಲ್ಲುತ್ತದೆ. ‘ವರ್ಕರ್’ ಎಂಬವನು ಒಂದೊಂದೇ ತೆಗೆದು, ಬೇಡಿದವರಿಗೆ ಮೆಸೇಜು ಕಳಿಸಿ, ಅಡುಗೆಮನೆಯಲ್ಲಿರುವ ನನ್ನ ಫೋನಿಗೂ ಮುಟ್ಟಿಸುತ್ತಾನೆ. ಅವನು ಬರೀ ಒಂದು ಪ್ರೋಗ್ರಾಮು ಎಂದು ಸುಲಭಾ ಎಷ್ಟು ಹೇಳಿದರೂ ನನಗೆ ಅವನು ಮನುಷ್ಯನೇ.

ಒಂದು ಸೋಮವಾರ ಹತ್ತು ಗಂಟೆಯಾದರೂ ಒಂದೂ ಚೀಟಿ ಬರಲಿಲ್ಲ. ನಮಗೆ ಅನ್ನಿಸಿದ್ದು ಇಷ್ಟೇ: ಇವತ್ತು ಯಾರಿಗೂ ರೋಗ-ಬ್ಯಾನಿಯಿಲ್ಲ. ಅಕ್ಕಿ ತೊಳೆಯಲು ಬಂದ ಪಕ್ಕದ ಮನೆಯ ನೀಲಮ್ಮ “ದೇವರು ಕಣ್ಣ ತೆರದಾನ್ರಿ” ಅಂದಳು. ನಾನು ಎರಡು ಊದುಬತ್ತಿ ಹೆಚ್ಚಿಗೆ ಹಚ್ಚಿ, ಒಲೆ ಹೊತ್ತಿಸದೆ, ಎಲ್ಲರನ್ನೂ ಮನೆಗೆ ಕಳಿಸಿದೆ. ಸಣ್ಣ ಸಣ್ಣ ಕರುಣೆಗಳನ್ನು ಎಣಿಸುವುದು ನನ್ನ ರೂಢಿ. ಅಂದು ಎಣಿಕೆ ತಪ್ಪಿತು.

ಹನ್ನೆರಡೂವರೆಗೆ ಆಸ್ಪತ್ರೆಯ ನರ್ಸಮ್ಮನ ಫೋನು. “ಅಕ್ಕಾರ, ಊಟ ಎಲ್ಲಿಗೆ ಬಂತ್ರಿ? ಮಂದಿ ತಾಟ ತೊಳಕೊಂಡ ಕುಂತಾರ. ಖಾನಾಪುರ ಕಡಿ ಮುದುಕಿ ಆಯಿ ಒಬ್ಬಾಕಿ ನಿನ್ನಿಯಿಂದ ಬರೇ ಚಾದ ಮ್ಯಾಲ ಅದಾಳ.”

ಮೆಟ್ಟಿಲಲ್ಲೇ ನಿಂತು ಕೂಗಿದೆ. ಸುಲಭಾ ಲ್ಯಾಪ್‌ಟಾಪ್ ಹಿಡಿದುಕೊಂಡೇ ಇಳಿದು ಬಂದಳು.

“ಚೀಟಿ ಎಲ್ಲಾ ಬಂದಾವು ವೈನಿ. ಇಪ್ಪತ್ತಮೂರು. ಸರದಿಯೊಳಗ ನಿಂತಾವು, ಮುಂದ ಹೋಗಿಲ್ಲ.”

“ಮತ್ತ ಆ ವರ್ಕರ್ ಮಲ್ಕೊಂಡಾನೇನ?”

“ಇಲ್ರಿ, ಪಾಪ, ಮುಂಜಾನಿಂದ ದುಡ್ಯಾಕತ್ತಾನ, ಒಂದ ಚೀಟಿ ಮ್ಯಾಲ. ನೀವು ಮೊದ್ಲ ಅಕ್ಕಿ ಬ್ಯಾಳಿ ಇಡ್ರಿ, ಹೆಸರ ನಾ ಓದತೀನಿ. ಇದರ ರಿಪೇರಿಗೆ ಊಟ ಯಾಕ ಕಾಯಬೇಕು?”

ನೀಲಮ್ಮನನ್ನು ಮತ್ತೆ ಕರೆಸಿ ಕಿಚಡಿಗೆ ಇಟ್ಟೆವು. ಕುಕ್ಕರ್ ಸೀಟಿ ಹೊಡೆಯುವಷ್ಟರಲ್ಲಿ ಸುಲಭಾ ಹೆಸರುಗಳನ್ನೆಲ್ಲ ಹೇಳಿ ಮುಗಿಸಿ, ವರ್ಕರ್ ಬರೆದಿಟ್ಟ ದಿನಚರಿಯನ್ನೂ ಓದಿದ್ದಳು. ಅದಕ್ಕೆ ‘ಲಾಗ್’ ಅನ್ನುತ್ತಾರೆ. ಮೊದಲ ಚೀಟಿಯಲ್ಲಿ, ಫೋನ್ ನಂಬರಿನ ಜಾಗದಲ್ಲಿ, ಆ ಆಯಿ ಯಾರ ಕೈಲೋ ಬರೆಸಿದ್ದಳು: ‘ಫೋನ್ ಇಲ್ಲ. ಕಿಡಕಿ ಬಾಜು ಕುಂತಿರತೀನಿ.’ ವರ್ಕರ್ ಅದಕ್ಕೆ ಮೆಸೇಜು ಕಳಿಸಲು ನೋಡುತ್ತಾನೆ, ಆಗುವುದಿಲ್ಲ, ಮತ್ತೆ ಅದನ್ನೇ ಎತ್ತಿಕೊಳ್ಳುತ್ತಾನೆ. ಹಿಂದಿನ ಇಪ್ಪತ್ತೆರಡೂ ನಿಂತಲ್ಲೇ.

“ಹಂಗ ಬರೀಬಾರದಿತ್ತು ಆಕಿ,” ಅಂದಳು ನೀಲಮ್ಮ.

ಸುಲಭಾ ತಿರುಗಿದಳು. “ಆಕಿ ಖರೇನ ಬರದಾಳ. ಎಲ್ಲಾರ ಕಡೆ ಫೋನ್ ಇರತೈತಿ ಅಂತ ತಿಳಕೊಂಡಾಕಿ ನಾನು. ತಪ್ಪ ನಂದು.”

ಫೋನಿಲ್ಲದವರ ಚೀಟಿ ನೇರ ಅಡುಗೆಮನೆಗೆ ಬರುವಂತೆ ತಿದ್ದಿದಳು. ಆದರೂ ಅದೇ ತಕರಾರು. ಮತ್ತೆ ತಿದ್ದಿದಳು, ಮತ್ತೆ ಅದೇ. ಆಮೇಲೆ ಹಣೆ ಬಡಿದುಕೊಂಡು ನಕ್ಕಳು. “ನಾ ಭಾಳ ಶಾಣ್ಯಾಕಿ. ವರ್ಕರ್‌ನ ನಿಯಮದ ಪುಸ್ತಕ ತಿದ್ದೀನಿ, ಅವಗ ಹೇಳೇ ಇಲ್ಲ. ಹಳೇದನ್ನ ಬಾಯಿಪಾಠ ಮಾಡ್ಕೊಂಡ ಕುಂತಾನ. ನಿಲ್ಲಿಸಿ ಮತ್ತ ಚಾಲೂ ಮಾಡಿದ್ರನ ಹೊಸಾದು ಓದತಾನ.” ಹಾಗೆ ಮಾಡಿದ್ದೇ ತಡ, ನನ್ನ ಫೋನು ಒಂದರ ಹಿಂದೊಂದು ಇಪ್ಪತ್ತಮೂರು ಸಲ ಗುಂಯ್‌ಗುಟ್ಟಿತು.

ನೀಲಮ್ಮ ರಿಕ್ಷಾದಲ್ಲಿ ಡಬ್ಬಿಗಳನ್ನು ಒಯ್ದಳು. ಆಯಿಯ ಡಬ್ಬಿಯನ್ನು ಮಾತ್ರ ಸುಲಭಾ ತಾನೇ ಹಿಡಿದು ಸ್ಕೂಟರ್ ಹತ್ತಿದಳು. ಕಿಟಕಿಯ ಬಳಿ ಕೂತು, ಆಕೆ ಉಂಡು ಮುಗಿಸುವವರೆಗೆ ಮರಾಠಿಯಲ್ಲಿ ಖಾನಾಪುರದ ಸುದ್ದಿ ಹೇಳಿದಳಂತೆ. ಬಂದವಳೇ ನನಗಂದಳು: “ಸಪ್ಪಳ ಇಲ್ಲಂದ್ರ ಸುಖ ಐತಿ ಅಂತ ತಿಳೀಬ್ಯಾಡ್ರಿ ವೈನಿ. ಒಂದ ಸಲ ಕೇಳ್ರಿ.”

ಮರುದಿನದಿಂದ ನನಗೆ ಪಾಠ. ಲಾಗ್ ಓದುವುದು, ಸಿಕ್ಕಿಕೊಂಡ ಚೀಟಿಯನ್ನು ಬದಿಗಿಡುವುದು, ವರ್ಕರ್‌ನನ್ನು ನಿಲ್ಲಿಸಿ ಎಬ್ಬಿಸುವುದು.

“ಹತ್ತನೇ ಇಯತ್ತೆ ಕಲತಾಕಿ ನಾ, ನನಗ್ಯಾಕವಾ ಇದು?”

“ನಾ ದಿನಾ ಇಲ್ಲೇ ಇರತೀನೇನ್ರಿ? ಮಂದಿಗಿ ದಿನಾ ಹಸಿವಿ ಆಗತೈತಿ.”

ಈ ವರ್ಷ ಖಾನಾಪುರದ ಕಾಲೇಜೊಂದರಲ್ಲಿ ಕಂಪ್ಯೂಟರ್ ಕಲಿಸುವ ಕೆಲಸ ಸಿಕ್ಕಿ ಹೋದಳು. ಬಸ್ಸಿನಲ್ಲಿ ಒಂದು ತಾಸಿನ ದಾರಿ, ಆದರೂ ದೂರವೇ. ಈಗ ಮಾಳಿಗೆಯಲ್ಲಿ ಬ್ಯಾಂಕಿನವರಿದ್ದಾರೆ. ಒಳ್ಳೆಯವರು, ಚಹಾ ಕುಡಿಯುವುದಿಲ್ಲ.

ಅವಳು ಹೋದ ಎರಡನೇ ವಾರ ಸರದಿ ಮತ್ತೆ ನಿಂತಿತು. ದೇವರ ಹೆಸರು ಹೇಳಿ ಲಾಗ್ ತೆರೆದೆ. ಯಾರೋ ವಾರ್ಡಿನ ಜಾಗದಲ್ಲಿ ರೋಗಿಯ ಕಥೆಯನ್ನೆಲ್ಲ ಬರೆದಿದ್ದರು. ಅಷ್ಟುದ್ದದ ಮೆಸೇಜು ಕಳಿಸಲಾರದೆ ವರ್ಕರ್ ಒದ್ದಾಡುತ್ತಿದ್ದ. ಅವರ ಹೆಸರನ್ನು ಕೈಯಲ್ಲಿ ಬರೆದುಕೊಂಡು ಆ ಚೀಟಿಯನ್ನು ಬದಿಗಿಟ್ಟೆ. ಉಳಿದವು ಸರಸರ ಬಂದವು. ಡಬ್ಬಿಗಳು ಹೋದ ಮೇಲೆ ತಡೆಯಲಾರದೆ ಅವಳಿಗೆ ಫೋನ್ ಮಾಡಿದೆ.

“ಸುಲಭಾ, ಸರದಿ ನಿಂತಿತ್ತವಾ. ನಾನ ಬಿಡಿಸಿದೆ.”

“ಊಟ ಮುಟ್ಟಿತ್ರೀ?”

“ಮುಟ್ಟೇತಿ. ನರ್ಸಮ್ಮಗೂ ಕೇಳೇನಿ.”

“ಮತ್ತ ನನಗ್ಯಾಕ ಫೋನ್ ಹಚ್ಚೀರಿ? ಇಡ್ರಿ ವೈನಿ, ನೀವೂ ಉಣ್ಣ ಹೋಗ್ರಿ.”