ಪಂಚಾಯತಿಯ ಚಹಾ

ದುರ್ಗಪ್ಪ ತೀರಿಕೊಂಡ ದಿನ ಅವನ ಹೆಂಡತಿ ಶಂಕ್ರೆವ್ವ ಅಳಲಿಲ್ಲ. ಓಣಿಯ ಹೆಂಗಸರು ಅವಳ ಬೆನ್ನು ಗುದ್ದಿದರು, ತಲೆಯನ್ನು ಎದೆಗೆ ಅವಚಿಕೊಂಡರು, "ಅತ್ತು ಬಿಡ ಯವ್ವಾ, ಒಳಗ ಇಟ್ಕೋಬ್ಯಾಡ" ಎಂದು ಗೋಗರೆದರು. ಅವಳು ಎಲ್ಲರ ಮುಖವನ್ನೂ ಒಂದು ಸಲ ನೋಡಿದಳು. ಆಮೇಲೆ ಎದ್ದು, ಮೂಲೆಯಲ್ಲಿ ಕುಸಿದು ಕೂತಿದ್ದ ಅತ್ತೆ ತಾಯವ್ವನಿಗೆ ನೀರು ಕುಡಿಸಿದಳು. "ಗಟ್ಟಿ ಹೆಂಗಸು" ಎಂದರು ಕೆಲವರು. "ಕಲ್ಲು" ಎಂದರು ಕೆಲವರು. ಎರಡೂ ಅವಳ ಕಿವಿಗೆ ಬಿದ್ದವು. ಎರಡೂ ಬೇರೆ ಯಾರದೋ ಮಾತೆಂಬಂತೆ ಕೇಳಿಸಿದವು.

ತಾರಿಕೊಪ್ಪ ಮುಂಡಗೋಡದಿಂದ ಹುಬ್ಬಳ್ಳಿಗೆ ಹೋಗುವ ರಸ್ತೆಯ ಮೇಲಿನ ಊರು. ಸುತ್ತ ಭತ್ತದ ಗದ್ದೆ, ಅದರಾಚೆ ಕಾಡು. ದುರ್ಗಪ್ಪ ಅಲ್ಲಿನ ಗ್ರಾಮ ಪಂಚಾಯತಿಯಲ್ಲಿ ನೀರು ಬಿಡುವ ಕೆಲಸಕ್ಕಿದ್ದ. ಬೆಳಿಗ್ಗೆ ಪಂಪ್ ಹೌಸಿಗೆ ಹೋಗಿ ಮೋಟಾರು ಚಾಲೂ ಮಾಡುವುದು, ಓಣಿ ಓಣಿಗೆ ನೀರು ತಿರುಗಿಸುವುದು. ಆ ಮಳೆಗಾಲ ಪಂಪ್ ಹೌಸಿನ ಗೋಡೆಯೆಲ್ಲ ಒದ್ದೆಯಾಗಿ ಜಿನುಗುತ್ತಿತ್ತು. ಸ್ವಿಚ್ಚಿಗೆ ಕೈ ಹಾಕಿದವನು ಅಲ್ಲೇ ಬಿದ್ದ. ತಪ್ಪು ಯಾರದೆಂದು ಯಾರೂ ಕೇಳಲಿಲ್ಲ. ಪಂಚಾಯತಿಯವರು ಸಭೆ ಸೇರಿ, ಎರಡು ನಿಮಿಷ ಎದ್ದು ನಿಂತು, ಶಂಕ್ರೆವ್ವನಿಗೆ ಆಫೀಸಿನ ಸಿಪಾಯಿ ಕೆಲಸ ಕೊಟ್ಟರು. ಕಸ ಹೊಡೆಯುವುದು, ಕುಡಿಯುವ ನೀರು ತುಂಬಿಡುವುದು, ಮೀಟಿಂಗ್ ದಿನ ಚಹಾ ಹಂಚುವುದು.

ಕೆಲಸದಲ್ಲಿ ಅವಳು ಚುರುಕಾಗಿಯೇ ಇದ್ದಳು. ಹೇಳಿದ್ದನ್ನು ಮಾಡುತ್ತಿದ್ದಳು, ಹೇಳದೇ ಇದ್ದರೆ ಸುಮ್ಮನೆ ನಿಂತಿರುತ್ತಿದ್ದಳು. ಕೊಡ ತುಂಬಿ ನೀರು ಹೊರಗೆ ಹರಿದು ಕಾಲು ಒದ್ದೆಯಾದರೂ ನಳ ಬಂದ್ ಮಾಡಬೇಕೆಂದು ತಟ್ಟನೆ ಹೊಳೆಯುತ್ತಿರಲಿಲ್ಲ. ಸಾರಿಗೆ ಉಪ್ಪು ಬಿದ್ದಿದೆಯೋ ಇಲ್ಲವೋ ಅತ್ತೆ ಹೇಳಿದರೇ ಗೊತ್ತು. ಉಣ್ಣುವಾಗ ಉಪ್ಪಿಲ್ಲದ್ದೂ ಒಂದೇ, ಉಪ್ಪು ಹೆಚ್ಚಾದದ್ದೂ ಒಂದೇ.

ಆಗ ಪಂಚಾಯತಿಯ ಚಹಾ ಬರುತ್ತಿದ್ದುದು ಎದುರಿನ ಈರಕ್ಕನ ಅಂಗಡಿಯಿಂದ. ಕೆಟಲಿಯ ಜೊತೆಗೆ ಪ್ಲಾಸ್ಟಿಕ್ ಕಪ್ಪುಗಳ ಒಂದು ಕಟ್ಟು. ಕುಡಿದು ಮುಗಿದ ಕೂಡಲೇ ಮೆಂಬರುಗಳು ಕಪ್ಪನ್ನು ಮುದುಡಿ ಹಿಂದಿನ ಕಿಟಕಿಯಿಂದ ಆಚೆ ಒಗೆಯುತ್ತಿದ್ದರು. ಅಗಸ್ಟ್ ಹದಿನೈದಕ್ಕೆ, ಜನವರಿ ಇಪ್ಪತ್ತಾರಕ್ಕೆ ಶಾಲೆಯ ಮಕ್ಕಳಿಂದ ಹಿಡಿದು ಎಲ್ಲರಿಗೂ ಥರ್ಮೊಕೋಲ್ ತಟ್ಟೆಯಲ್ಲಿ ಉಪ್ಪಿಟ್ಟು. ತಟ್ಟೆಗಳೂ ಅದೇ ಕಿಟಕಿಯ ಆಚೆ. ಅಲ್ಲಿಂದ ಗಾಳಿಗೋ ಮಳೆಗೋ ಗಟಾರಕ್ಕೆ. ಗಟಾರ ಇಳಿದು ಹೋಗುತ್ತಿದ್ದುದು ಊರಿನ ತಗ್ಗಿನಲ್ಲಿದ್ದ ಚಲವಾದಿ ಓಣಿಯ ಕಡೆಗೆ. ಶಂಕ್ರೆವ್ವನ ಮನೆ ಇದ್ದದ್ದು ಆ ಓಣಿಯಲ್ಲೇ.

ದುರ್ಗಪ್ಪ ಹೋದ ಮರುವರ್ಷ ಧ್ವಜ ಹಾರಿಸಿದ ಎರಡು ದಿನಕ್ಕೆ ಜಡಿಮಳೆ ಹಿಡಿಯಿತು. ಗಟಾರ ಕಟ್ಟಿಕೊಂಡು ನೀರು ಓಣಿಗೆ ನುಗ್ಗಿತು. ಒಲೆ ಮುಳುಗಿತು, ತಾಯವ್ವನ ಹಾಸಿಗೆ ನೆನೆಯಿತು. ಶಂಕ್ರೆವ್ವ ಸೀರೆ ಕಚ್ಚೆ ಕಟ್ಟಿ ಸಲಿಕೆ ಹಿಡಿದು ಗಟಾರಕ್ಕಿಳಿದಳು. ಎಳೆದಷ್ಟೂ ಬರುತ್ತಿದ್ದವು, ಕಪ್ಪು, ತಟ್ಟೆ, ಪುಡಿಪುಡಿಯಾದ ಬಿಳಿ ಕಾಳು. ಕಾಳು ಅವಳ ಮೊಣಕಾಲಿಗೆ, ಕೈಗೆ, ಕೂದಲಿಗೆ ಅಂಟಿಕೊಂಡವು. ತೊಳೆದರೂ ಬಿಡಲಿಲ್ಲ.

ಅಧ್ಯಕ್ಷೆ ನಿರ್ಮಲಾ ನೋಡಲು ಬಂದಳು. ಅವಳ ತವರು ದಾಂಡೇಲಿ. ತಂದೆ ಪೇಪರ್ ಮಿಲ್ಲಿನಲ್ಲಿ ಕೆಲಸಕ್ಕಿದ್ದವರು. ವಯಸ್ಸು ಚಿಕ್ಕದು, ಬಾಯಿ ಜೋರು. ಸೀರೆ ಎತ್ತಿ ಹಿಡಿದು ನೀರಿನಲ್ಲೇ ನಡೆದು ಬಂದು, ಶಂಕ್ರೆವ್ವ ಮೇಲೆ ಎಳೆದು ಹಾಕಿದ್ದ ರಾಶಿಯನ್ನು ನೋಡಿದಳು.

"ಇವು ನಮ್ಮ ಆಫೀಸಿನ ತಾಟ ಅಲ್ಲೇನು, ಶಂಕ್ರೆವ್ವಾ?"

"ಹೌದ್ರಿ ಅಕ್ಕಾರ. ಮೊನ್ನಿ ಉಪ್ಪಿಟ್ಟಿನವು."

ಮುಂದಿನ ಮೀಟಿಂಗಿನಲ್ಲಿ ನಿರ್ಮಲಾ ಆ ವಿಷಯವನ್ನೇ ಮೊದಲು ತೆಗೆದಳು. ಇನ್ನು ಮೇಲೆ ಪಂಚಾಯತಿಯ ಯಾವ ಸಭೆಗೂ, ಯಾವ ಕಾರ್ಯಕ್ರಮಕ್ಕೂ ಪ್ಲಾಸ್ಟಿಕ್ ಕಪ್ಪು, ಥರ್ಮೊಕೋಲ್ ತಟ್ಟೆ ಬೇಡ. ಉಪ್ಪಿಟ್ಟಿಗೆ ಮುತ್ತಲ ಎಲೆ, ಚಹಾಕ್ಕೆ ಸ್ಟೀಲ್ ಗ್ಲಾಸು. ಯಾರೂ ಎದುರು ಮಾತಾಡಲಿಲ್ಲ. ಎಲ್ಲರಿಗಿಂತ ಹಿರಿಯ ಮೆಂಬರಾದ ಮಹಾಂತಪ್ಪ ಗೌಡರೇ ಅನುಮೋದಿಸಿದರು. "ಛಲೋ ಕೆಲಸ. ದನಾ ತಿಂದು ಸಾಯಾಕ ಹತ್ತ್ಯಾವ" ಎಂದರು. ಸೆಕ್ರೆಟರಿ ಬಸಲಿಂಗಯ್ಯ ಮುಂಡಗೋಡದ ಸಂತೆಗೆ ಹೋಗಿ ಗ್ಲಾಸು ತಂದ. ಹೊಳೆಯುವ ಗ್ಲಾಸುಗಳ ಮೇಲೆ ಪಂಚಾಯತಿಯ ಹೆಸರನ್ನೂ ಕೊರೆಸಿದ್ದ.

ಮುಂದಿನ ಮೀಟಿಂಗಿಗೆ ಶಂಕ್ರೆವ್ವ ಗ್ಲಾಸುಗಳನ್ನು ಬೂದಿ ಹಾಕಿ ತಿಕ್ಕಿ, ತೊಳೆದು, ಒರೆಸಿ, ಈರಕ್ಕನ ಕೆಟಲಿಯಿಂದ ಚಹಾ ಬಗ್ಗಿಸಿ, ತಟ್ಟೆಯಲ್ಲಿಟ್ಟುಕೊಂಡು ಒಳಗೆ ಹೋದಳು. ಮೊದಲು ಮಹಾಂತಪ್ಪನವರ ಮುಂದೆ ಹಿಡಿದಳು.

"ನನಗ ಬ್ಯಾಡ. ಪಿತ್ತ ಆಗೇತಿ."

ಅವರ ಪಕ್ಕದವರು ಈಗಷ್ಟೇ ಕುಡಿದು ಬಂದಿದ್ದರು. ಅವರ ಪಕ್ಕದವರಿಗೆ ಅಂದು ಉಪವಾಸ. ನಿರ್ಮಲಾ ಒಂದು ಗ್ಲಾಸು ತೆಗೆದುಕೊಂಡಳು. ಶಂಕ್ರೆವ್ವನ ಓಣಿಯ ಮೆಂಬರೊಬ್ಬರು ಇನ್ನೊಂದು ತೆಗೆದುಕೊಂಡರು. ಬಸಲಿಂಗಯ್ಯ ತೆಗೆದುಕೊಂಡು, ಫೈಲಿನ ಪಕ್ಕದಲ್ಲಿಟ್ಟು, ಕುಡಿಯಲು ಮರೆತವನಂತೆ ಬರೆಯುತ್ತ ಕೂತ. ಉಳಿದದ್ದನ್ನು ಶಂಕ್ರೆವ್ವ ಹೊರಗೆ ತಂದು ಚೆಲ್ಲಿದಳು.

ಆ ಸಂಜೆ ಬಸಲಿಂಗಯ್ಯ ಅವಳನ್ನು ಕರೆದ. ಕೆಟ್ಟವನಲ್ಲ. ಹೇಳಲು ಬಾಯಿ ಬರದೆ ಮೇಜಿನ ಮೇಲಿನ ಪೆನ್ನನ್ನು ಅತ್ತ ಇತ್ತ ಸರಿಸಿದ.

"ಶಂಕ್ರೆವ್ವಾ, ನಿನಗ ಮೊದ್ಲ ಕೆಲಸ ಭಾಳ ಐತಿ. ಗ್ಲಾಸ್ ತೊಳಿಯೂದು ಕೊಡೂದು ಈರಕ್ಕನ ಕಡೆ ಬಿಡೂಣು. ನೀ ಕಸ ಹೊಡದ್ರ ಸಾಕು."

"ಆತ್ರಿ ಸಾಹೇಬ್ರ."

"ತಪ್ಪ ತಿಳ್ಕೋಬ್ಯಾಡ ಮತ್ತ."

"ಇಲ್ರಿ."

ಅವಳು ನಿಜವಾಗಿಯೂ ಏನೂ ತಿಳಿದುಕೊಂಡಿರಲಿಲ್ಲ. ಯಾಕೆಂದು ಗೊತ್ತಿರಲಿಲ್ಲವೆಂದಲ್ಲ. ತಾರಿಕೊಪ್ಪದಲ್ಲಿ ಹುಟ್ಟಿ ಬೆಳೆದವಳಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಆದರೆ ಚುಚ್ಚಬೇಕಾದ ಜಾಗಕ್ಕೆ ಅದು ಮುಟ್ಟಲಿಲ್ಲ. ಮರಗಟ್ಟಿದ ಕಾಲಿನ ಮೇಲೆ ಯಾರೋ ಕಾಲಿಟ್ಟ ಹಾಗಾಯಿತು, ಅಷ್ಟೇ.

ಮನೆಗೆ ಬಂದು, ಒಲೆ ಹಚ್ಚುತ್ತ, ಅತ್ತೆಗೆ ಹೇಳಿದಳು. ತಾಯವ್ವನ ಮುಖ ಕೆಂಪೇರಿತು.

"ಹೌದಾ? ಈರಕ್ಕನ ಮಾವ ಅಂಗಡಿ ನಡಸೂ ಕಾಲಕ್ಕ ನಮಗ ಹೊರಗ ತೆಂಗಿನ ಚಿಪ್ಪು. ಆಮ್ಯಾಲ ಕಟ್ಟೀ ಮ್ಯಾಲ ಬ್ಯಾರೆ ಗ್ಲಾಸ್ ಇಟ್ರು. ನಾವ ತೊಗೊಂಡು, ನಾವ ಕುಡದು, ನಾವ ತೊಳದ ಡಬ್ಬ ಹಾಕಬೇಕು. ಪ್ಲಾಸ್ಟಿಕ್ ಬಂತು ನೋಡು, ಅವತ್ತಿಂದ ಗೌಡಗೂ ಅದ, ನನಗೂ ಅದ. ಕುಡದು ಒಗದ್ರ ಮುಗೀತು. ಯಾರ ಬಾಯಿ ಯಾವುದಕ್ಕ ಹತ್ತೇತಿ ಅಂತ ಕೇಳೂ ಪ್ರಸಂಗನ ಇಲ್ಲ. ಇವರ ಮನಸ್ಸ ಬದಲಾತು ಅಂತ ತಿಳ್ಕೊಂಡಿದ್ದೆ ನಾ, ಹುಚ್ಚಿ!"

"ಅತ್ತಿ, ರೊಟ್ಟಿ ಆರತೈತಿ. ಉಣ್ಣು."

"ನಿನಗ ಸಿಟ್ಟ ಬರಂಗಿಲ್ಲೇನ?"

ಶಂಕ್ರೆವ್ವ ಯೋಚಿಸಿದಳು. ಹುಡುಕಿ ನೋಡಿದಳು ಎಂದೇ ಹೇಳಬೇಕು. "ಇಲ್ಲತ್ತಿ" ಎಂದಳು.

ಎರಡು ಮೀಟಿಂಗ್ ಈರಕ್ಕ ಬಂದು ಗ್ಲಾಸು ತೊಳೆದು ಚಹಾ ಕೊಟ್ಟಳು. ಎಲ್ಲರ ಪಿತ್ತವೂ ಉಪವಾಸವೂ ವಾಸಿಯಾಗಿದ್ದವು. ಆದರೂ ಮಹಾಂತಪ್ಪನವರು ಮನೆಯಿಂದ ತಮ್ಮದೇ ಒಂದು ಗ್ಲಾಸು ತಂದು, ಚೀಲದಿಂದ ತೆಗೆದು, ಮುಂದಿಟ್ಟುಕೊಂಡರು. ಓಣಿಯ ಮೆಂಬರು ಕುಡಿದ ಗ್ಲಾಸು ಮುಂದಿನ ಸಲ ಯಾರ ಪಾಲಿಗೆ ಬರುತ್ತದೋ ಯಾರಿಗೆ ಗೊತ್ತು.

ಮೂರನೆಯ ಮೀಟಿಂಗಿನ ದಿನ ಹುಬ್ಬಳ್ಳಿಯ ಬಸ್ಸೊಂದು ಅಂಗಡಿಯ ಮುಂದೆಯೇ ಕೆಟ್ಟು ನಿಂತಿತು. ಬಸ್ಸಿನ ಜನವೆಲ್ಲ ಚಹಾಕ್ಕೆ ಮುಗಿಬಿದ್ದರು. ಈರಕ್ಕ ರಸ್ತೆಯ ಆಚೆಯಿಂದಲೇ ಕೂಗಿದಳು: "ಶಂಕ್ರೆವ್ವಾ, ಕೆಟಲಿ ಒಯ್ಯ ಯವ್ವಾ! ನನ್ನ ಕೈ ಬಿಡುವಿಲ್ಲ!"

ಶಂಕ್ರೆವ್ವ ಕೆಟಲಿ ತಂದಳು. ಗ್ಲಾಸು ತೊಳೆದಳು. ಬಗ್ಗಿಸಿಕೊಂಡು ಒಳಗೆ ಹೋದಳು. ಮತ್ತೆ ಅದೇ ಆಯಿತು. ಒಬ್ಬರು ಗೋಡೆಯ ಕ್ಯಾಲೆಂಡರ್ ನೋಡಿದರು, ಒಬ್ಬರು ಕೈಯನ್ನು ತುಸು ಎತ್ತಿ ಬೇಡವೆಂದರು. ಮಹಾಂತಪ್ಪನವರು ತಮ್ಮ ಗ್ಲಾಸನ್ನು ಮೆಲ್ಲಗೆ ಚೀಲಕ್ಕೆ ಹಾಕಿಕೊಂಡರು. ನಿರ್ಮಲಾ ಅಂದು ಬಂದಿರಲಿಲ್ಲ, ಮಗುವಿಗೆ ಜ್ವರ. ಓಣಿಯ ಮೆಂಬರು ತಲೆ ಬಗ್ಗಿಸಿ ಕೂತಿದ್ದರು.

ತಟ್ಟೆ ಹಿಡಿದು ಶಂಕ್ರೆವ್ವ ಸುತ್ತು ಹಾಕಿ ಮುಗಿಸಿದಳು. ಚಹಾ ಆವಿಯಾಡುತ್ತಿತ್ತು. ಬೆಳಗಿನಿಂದ ಅವಳು ಏನೂ ತಿಂದಿರಲಿಲ್ಲ. ತಟ್ಟೆಯನ್ನು ಬಾಗಿಲ ಬಳಿಯ ಬೆಂಚಿನ ಮೇಲಿಟ್ಟು, ಅದರ ಪಕ್ಕ ತಾನೂ ಕೂತು, ಒಂದು ಗ್ಲಾಸು ತೆಗೆದುಕೊಂಡು ಕುಡಿಯತೊಡಗಿದಳು. ಆ ಬೆಂಚು ಮೆಂಬರುಗಳದು. ಅವಳು ಅದರ ಮೇಲೆ ಎಂದೂ ಕೂತವಳಲ್ಲ. ಹಟಕ್ಕೆ ಕೂತಳೆಂದು ಆಮೇಲೆ ಊರೆಲ್ಲ ಆಡಿಕೊಂಡಿತು. ಹಟವೂ ಇರಲಿಲ್ಲ, ಧೈರ್ಯವೂ ಇರಲಿಲ್ಲ. ಕಾಲು ನೋಯುತ್ತಿದ್ದವು, ಚಹಾ ಬಿಸಿಯಿತ್ತು. ಕುಡಿದು ಮುಗಿಸಿ ಇನ್ನೊಂದು ಗ್ಲಾಸನ್ನೂ ತೆಗೆದುಕೊಂಡಳು.

ಬಸಲಿಂಗಯ್ಯ ತಲೆ ಎತ್ತಲಿಲ್ಲ. ಮಹಾಂತಪ್ಪನವರು ಹೆಗಲ ಮೇಲಿನ ಟವೆಲ್ ಕೊಡವಿ ಎದ್ದರು.

"ಸೆಕ್ರೆಟರಿ, ಇದ ಪಂಚಾಯತಿ ಐತೋ, ಏನ ಚಹಾದ ಅಂಗಡಿ ಐತೋ?"

ಅವರು ಹೋದರು. ಅವರ ಹಿಂದೆ ಇನ್ನಿಬ್ಬರು. ಶಂಕ್ರೆವ್ವ ಗ್ಲಾಸುಗಳನ್ನು ಎತ್ತಿಕೊಂಡು ನಳದ ಕಡೆ ನಡೆದಳು.

ಮುಂದಿನ ಸಲ ಮಹಾಂತಪ್ಪನವರು ನೇರ ವಿಷಯಕ್ಕೇ ಬಂದರು. "ಮೊದಲಿನ ಕಪ್ಪ ಛಲೋ ಇದ್ವು. ಸ್ವಚ್ಛ ಇರತಿದ್ವು. ತರಸೂಣು."

"ಗಟಾರ ನೀವ ಬಳೀತೀರೇನ್ರಿ ಗೌಡ್ರ?" ಎಂದಳು ನಿರ್ಮಲಾ. "ಬಳಿಯೂದಿದ್ರ ಇವತ್ತ ತರಸ್ತೇನಿ."

ನಿರ್ಮಲಾ ಪಟ್ಟು ಬಿಡಲಿಲ್ಲ. ಮೆಂಬರುಗಳು ಸ್ಟೀಲಿನಲ್ಲಿ ಕುಡಿಯಲೊಲ್ಲರು, ಅವಳು ಪ್ಲಾಸ್ಟಿಕ್ ತರಿಸಲೊಲ್ಲಳು. ಕಡೆಗೆ ಬಸಲಿಂಗಯ್ಯನೇ ಒಂದು ದಾರಿ ಹುಡುಕಿದ. ಸಭೆಗೆ ಚಹಾವೇ ಬೇಡ, ಪಂಚಾಯತಿಗೆ ಉಳಿತಾಯ. ಎಲ್ಲರೂ ಹೂಂ ಎಂದರು. ತಾಲೂಕಿನ ಸಭೆಯಲ್ಲಿ ದೊಡ್ಡ ಸಾಹೇಬರು, ಪ್ಲಾಸ್ಟಿಕ್ ಬಿಟ್ಟ ಪಂಚಾಯತಿಯೆಂದು ತಾರಿಕೊಪ್ಪದ ಹೆಸರು ಹೇಳಿ ಚಪ್ಪಾಳೆ ತಟ್ಟಿಸಿದರಂತೆ. ನಿರ್ಮಲಾ ಬಂದು ಅದನ್ನು ಶಂಕ್ರೆವ್ವನಿಗೆ ಹೇಳುವಾಗ ನಗಲೂ ಇಲ್ಲ, ಹಿಗ್ಗಲೂ ಇಲ್ಲ.

"ಗಟಾರ ಕಟ್ಟಿಲ್ಲಲ್ಲ ಈ ವರ್ಷ?" ಎಂದಷ್ಟೇ ಕೇಳಿದಳು.

"ಇಲ್ರಿ ಅಕ್ಕಾರ. ನೀರ ಸರಳ ಹೊಂಟೈತಿ."

"ಅಷ್ಟಾರ ಆತಲ್ಲ."

ಚುನಾವಣೆ ಬಂತು. ಅಧ್ಯಕ್ಷರ ಜಾಗ ಬೇರೆಯವರಿಗೆ ಮೀಸಲಾಯಿತು, ನಿರ್ಮಲಾ ಇಳಿದಳು. ಮಹಾಂತಪ್ಪನವರು ಮಂಡಿನೋವೆಂದು ನಿಲ್ಲಲಿಲ್ಲ. ಹೊಸ ಮೆಂಬರುಗಳಲ್ಲಿ ಹೆಚ್ಚಿನವರು ಹುಡುಗರು. ಕೆಲವರು ಅಂಬಿಕಾನಗರದಲ್ಲಿ, ಹುಬ್ಬಳ್ಳಿಯಲ್ಲಿ ಗುತ್ತಿಗೆ ಕೆಲಸ ಮಾಡಿ ಬಂದವರು. ಎರಡನೆಯ ಮೀಟಿಂಗಿನಲ್ಲೇ ಒಬ್ಬ, "ಏನ್ರಿ, ಈ ಆಫೀಸಿನಾಗ ಚಹಾ ಕೊಡೂ ಪದ್ಧತಿ ಇಲ್ಲೇನು?" ಎಂದ. ಬಸಲಿಂಗಯ್ಯ ಶಂಕ್ರೆವ್ವನ ಮುಖ ನೋಡಿದ. ಅವಳು ಹೋಗಿ ಚಹಾ ತಂದಳು. ಹೆಚ್ಚಿನವರು ಕುಡಿದರು. ಇಬ್ಬರು ಕುಡಿಯಲಿಲ್ಲ. ಮಾತು ರಸ್ತೆಯ ಡಾಂಬರಿನ ಕಡೆ ಹೋಯಿತು.

ಗೆದ್ದೆನೆಂದು ಅವಳಿಗೆ ಅನ್ನಿಸಲಿಲ್ಲ. ಹೊಸದಾಗಿ ಶುರುವಾದ ಇನ್ನೊಂದು ಕೆಲಸ, ಅಷ್ಟೇ. ಹೀಗೇ ಕೆಲವು ತಿಂಗಳು ನಡೆಯಿತು. ಈಗ ಚಹಾವನ್ನೂ ಆಫೀಸಿನಲ್ಲೇ ಸ್ಟೋವ್ ಹಚ್ಚಿ ಅವಳೇ ಕಾಸುತ್ತಿದ್ದಳು. ಒಂದು ದಿನ, ಮೊದಲು ಚಹಾ ಕೇಳಿದ್ದ ಆ ಹೊಸ ಹುಡುಗ ಒಂದು ಗುಟುಕು ಕುಡಿದು ಮುಖ ಸಿಂಡರಿಸಿದ.

"ಏನಬೇ ಶಂಕ್ರೆವ್ವಾ, ಸಕ್ರಿ ಹಾಕಿಯೋ ಇಲ್ಲೋ? ಕಷಾಯ ಕುಡದಂಗ ಆಗೇತಿ."

ಅವಳು ಗ್ಲಾಸು ತೆಗೆದುಕೊಂಡು ಹೋಗಿ ಸಕ್ಕರೆ ಹಾಕಿ ತಂದು ಕೊಟ್ಟಳು. ಸಂಜೆ ಮನೆಗೆ ಹೋಗುವ ದಾರಿಯುದ್ದಕ್ಕೂ ಅವಳ ತುಟಿ ಏನೋ ಗೊಣಗುತ್ತಿತ್ತು. ಬಾಗಿಲು ದಾಟಿದವಳೇ ಚೀಲವನ್ನು ಧೊಪ್ಪನೆ ಒಗೆದಳು.

"ಎರಡ ಚಮಚೆ ಹಾಕೀನಿ ನಾ, ಎರಡ! ಕಷಾಯ ಅಂತ, ಕಷಾಯ! ಅಷ್ಟ ಸಕ್ರಿ ಬೇಕಾದ್ರ ಅವರವ್ವನ ಕಡೆ ಮಾಡಿಸ್ಕೊಂಡ ಕುಡದ ಬರ್ಲಿ! ಮೀಸಿ ಮೂಡಿಲ್ಲ ಇನ್ನ, ನನಗ ಚಹಾ ಕಲಸ್ತಾನ!"

ದನಿ ಅವಳಿಗೇ ದೊಡ್ಡದೆನಿಸಿ ತಡೆದು ನಿಂತಳು. ಮುಖ ಬಿಸಿಯಾಗಿತ್ತು.

ಅಕ್ಕಿ ಆರಿಸುತ್ತ ಕೂತಿದ್ದ ತಾಯವ್ವ ಮೊರವನ್ನು ಪಕ್ಕಕ್ಕಿಟ್ಟು ಸೊಸೆಯನ್ನೇ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಗೋಡೆಗೆ ಒರಗಿ, ಕಾಲು ಚಾಚಿಕೊಂಡು, ಇನ್ನೂ ಹೇಳಲಿ ಎಂಬಂತೆ ಕೇಳಿದಳು:

"ಮತ್ತ ಏನಂದ ಅವ?"