ಕಲಶಕ್ಕೆ ಬಿದ್ದ ಫ್ರೆಂಚ್ ದೊರೆ

ನನಗೆ ಫ್ರೆಂಚ್ ಬಾರದು. ಫ್ರಾನ್ಸಿನ ಹೆಸರಲ್ಲಿ ನಾನು ಹೋಗಿರುವ ಅತಿ ದೂರದ ಊರೆಂದರೆ ಪುದುಚೇರಿ. ಅಲ್ಲಿಯೂ ಇಡ್ಲಿ ತಿಂದು ಬಂದೆ. ಆದರೂ ಸಿ.ವಿ. ರಾಮನ್ ನಗರದ ನಮ್ಮ ಬಾಡಿಗೆ ಮನೆಯ ಬೀರುವಿನಲ್ಲಿ, ಸೀರೆಗಳ ಕೆಳಗಿನ ಒಂದು ಡಬ್ಬಿಯಲ್ಲಿ, ಮುನ್ನೂರು ನಾನೂರು ವರ್ಷ ಹಳೆಯ ಫ್ರೆಂಚ್ ತಾಮ್ರದ ನಾಣ್ಯಗಳಿವೆ. ಮೊದಲನೆಯದು ಶಿವಾಜಿನಗರದ ಗುಜರಿ ಅಂಗಡಿಯಲ್ಲಿ ನಟ್ಟು ಬೋಲ್ಟುಗಳ ನಡುವೆ ಸಿಕ್ಕಿತು. ಅಂದು ಹತ್ತಿದ ಹುಚ್ಚು ಇನ್ನೂ ಇಳಿದಿಲ್ಲ.

ಇವು ಅಲ್ಲಿನ ಬಡವರ ಚಿಲ್ಲರೆ. ಚಿನ್ನದ ನಾಣ್ಯ ತಿಜೋರಿಯಲ್ಲಿ ಮಲಗಿರುತ್ತಿತ್ತು. ತಾಮ್ರದ್ದು ಸಂತೆಯಲ್ಲಿ ಕೈಯಿಂದ ಕೈಗೆ ಅಲೆದು ಸವೆಯಿತು. ಆ ಸವೆತದ ಮೇಲೆ ಕೂತ ಹಸಿರುಗಪ್ಪು ಬಣ್ಣವೇ ನಮಗೆ ಸರ್ವಸ್ವ. ಅದನ್ನು ತೊಳೆದವರನ್ನು ಸಂಗ್ರಾಹಕರು ಮನುಷ್ಯರ ಲೆಕ್ಕಕ್ಕೇ ಸೇರಿಸುವುದಿಲ್ಲ. ಇದನ್ನೆಲ್ಲ ಹೆಂಡತಿ ಗಿರಿಜೆಗೆ ಎಷ್ಟೋ ಸಲ ಹೇಳಲು ಹೋಗಿದ್ದೇನೆ. ನಾನು ಬಾಯಿ ತೆರೆದಾಗಲೆಲ್ಲ ಅವಳಿಗೆ ಒಲೆಯ ಮೇಲಿನ ಹಾಲು ನೆನಪಾಗುತ್ತದೆ.

ಹಲಸೂರಿನ ಮಾಣಿಕ್ಯಂ ಸರ್ ಕೂಡ ಇದೇ ಹುಚ್ಚಿನವರು. ನನ್ನಲ್ಲಿರುವ ಹದಿಮೂರನೆಯ ಲೂಯಿ ದೊರೆಯ ನಾಣ್ಯ ಮನಸ್ಸಿಗೆ ಬಂದರೆ, ತಮ್ಮ ಅಪರೂಪದ ನಾಣ್ಯವೊಂದನ್ನು ಅದಕ್ಕೆ ಬದಲಾಗಿ ಕೊಡುತ್ತೇನೆ ಎಂದಿದ್ದರು. ವರ್ಷಗಳಿಂದ ಅವರ ಆ ನಾಣ್ಯದ ಮೇಲೆ ನನ್ನ ಕಣ್ಣಿತ್ತು. ಅವರು ಶನಿವಾರ ಬೆಳಿಗ್ಗೆ ನಮ್ಮ ಮನೆಗೆ ಬರುವುದೆಂದು ಮಾತಾಯಿತು.

ಶುಕ್ರವಾರ ವರಮಹಾಲಕ್ಷ್ಮಿ ಹಬ್ಬ. ಕಲಬುರಗಿಯ ನಮ್ಮ ಮನೆಗಳಲ್ಲಿ ಈ ಹಬ್ಬವಿರಲಿಲ್ಲ; ಗಿರಿಜೆ ಇಲ್ಲಿಗೆ ಬಂದ ಮೇಲೆ ಓನರಮ್ಮನಿಂದ ಕಲಿತದ್ದು. ಕಲಶದೊಳಗೆ ತಾಮ್ರದ ಕಾಸಿದ್ದರೆ ಶ್ರೇಷ್ಠ ಎಂದು ಓನರಮ್ಮ ಹೇಳಿದ್ದರಂತೆ. ಸಂಜೆ ಆಫೀಸಿನಿಂದ ಬಂದು ನಾನು ಕೈಮುಗಿಯುತ್ತಿದ್ದಾಗ ಗಿರಿಜೆ ಹೆಮ್ಮೆಯಿಂದ ಹೇಳಿದಳು:

"ನಿಮ್ಮ ಡಬ್ಬ್ಯಾಗಿನ ಒಂದು ಕಾಸು ಕಲಶಕ್ಕ ಹಾಕೀನ್ರಿ. ಭಾಳ ಹೊಲಸಾಗಿತ್ತು. ಹುಣಸೆಹಣ್ಣು, ಉಪ್ಪು ಹಚ್ಚಿ ತಿಕ್ಕಿದೆ ನೋಡ್ರಿ, ಬಂಗಾರದಂಗ ಹೊಳೀತು!"

ಡಬ್ಬಿ ತೆರೆದು ನೋಡಿದೆ. ಲೂಯಿ ಇರಲಿಲ್ಲ. ಪೂಜೆಗೆ ಕೂರಿಸಿದ ಕಲಶವನ್ನು ಕದಲಿಸುವಂತಿಲ್ಲ. ಫ್ರಾನ್ಸಿನ ದೊರೆ ಅಡಿಕೆ, ಅರಿಸಿನದ ಕೊಂಬಿನ ಜೊತೆ ನೀರಿನಲ್ಲಿ ಮುಳುಗಿ ಮಂಗಳಾರತಿ ಮಾಡಿಸಿಕೊಳ್ಳುತ್ತಿದ್ದ. ಅಳಬೇಕೋ ನಗಬೇಕೋ ತಿಳಿಯದೆ ಎರಡು ಹೋಳಿಗೆ ತಿಂದೆ.

ಮರುದಿನ ಗಿರಿಜೆ ಕಲಶ ತೆಗೆಯುವ ಹೊತ್ತಿಗೇ ಮಾಣಿಕ್ಯಂ ಸರ್ ಭೂತಗನ್ನಡಿ ಹಿಡಿದು ಬಂದರು. ಥಳಥಳಿಸುವ ಲೂಯಿಯನ್ನು ಕಂಡು ಸಾವಿನ ಮನೆಗೆ ಬಂದವರಂತೆ ಕೂತರು.

"ತೊಳ್ದ್‌ಬಿಟ್ರಾ ಸಾರ್? ಅಯ್ಯೋ ಮುರುಗಾ! ಇನ್ನೇನು ಎಕ್ಸ್‌ಚೇಂಜು, ಬಿಡಿ."

ತಮ್ಮ ನಾಣ್ಯವನ್ನು ಅವರು ಜೇಬಿನಿಂದ ಹೊರಗೆ ತೆಗೆಯಲೂ ಇಲ್ಲ. ನನಗೆ ನಿಜವಾಗಿ ದುಃಖವಾಯಿತು.

ಗಿರಿಜೆಗೆ ಆಗ ಸಂಗತಿ ಅರ್ಥವಾಗಿ ಮುಖ ಬಾಡಿತು. ಕಾಸನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಳು. ಹಸಿರುಗಪ್ಪಿನಲ್ಲಿ ದೊರೆಯ ಮುಖ ಅವಳಿಗೆ ಕಂಡಿರಲೇ ಇಲ್ಲ.

"ಮೂಗು ಎಷ್ಟುದ್ದ ಅದ ನೋಡ್ರಿ ಇವಂದು! ಯಾರ್ರೀ ಇವ?"

ಮದುವೆಯಾದಂದಿನಿಂದ ನಾನು ಕಾಯುತ್ತಿದ್ದ ಪ್ರಶ್ನೆ. ಸಂತೋಷದಿಂದ ಕುರ್ಚಿ ಎಳೆದು ಅವಳ ಪಕ್ಕಕ್ಕೆ ಹಾಕಿಕೊಂಡೆ. ಕೂತು ಬಾಯಿ ತೆರೆಯುವಷ್ಟರಲ್ಲಿ ಮಾಣಿಕ್ಯಂ ಸರ್, "ಅದೇನಂದ್ರೆ ಅಮ್ಮಾ, ಇವನು ಚಿಕ್ಕ ವಯಸ್ಸಲ್ಲೇ ರಾಜ ಆಗಿ..." ಎಂದು ಶುರುಮಾಡಿಯೇಬಿಟ್ಟರು. ನಾಣ್ಯ ಹಾಳಾದಾಗಲೂ ಆಗದಷ್ಟು ಸಂಕಟ ನನಗೆ ಆಗ ಆಯಿತು. ಹಿರಿಯರೆಂಬುದನ್ನೂ ನೋಡದೆ ನಡುವೆ ಬಾಯಿ ಹಾಕಿದೆ:

"ಸರ್, ಅವಳು ಕೇಳಿದ್ದು ನನ್ನನ್ನ. ನಾನೇ ಹೇಳ್ತೀನಿ."